ಸುಂಕದವನ ಮುಂದೆ ಪವನಿನ ಲೆಕ್ಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ ಅಂತ ನಮ್ಮಲ್ಲೊಂದು ಗಾದೆ. ಕಸ್ಟಮ್ಸ್ ಅನ್ನುವ ಶಬ್ದ ಊರಿಗೆ ಬರುವ ಎಷ್ಟೋ ಮೊದಲೇ ಯಾರೋ ನೊಂದವರು ಹೇಳಿದ ಮಾತಿರಬೇಕು. ಬಜ್ಪೆ ವಿಮಾನ ನಿಲ್ದಾಣದ ಹತ್ತಿರ ಸುಂಕದಕಟ್ಟೆ ಅಂತಲೇ ಒಂದು ಊರಿದೆ. ಯಕ್ಷಗಾನ ನೋಡುವವರಿಗೆ ಸುಂಕದಕಟ್ಟೆ ಮೇಳ ಗೊತ್ತು. ಒಂದು ಕಾಲದಲ್ಲಿ ಎತ್ತಿನ ಮೇಲೆ ಸರಕು ಹೇರಿಕೊಂಡು ಬಂದವರು ಸುಂಕ ಕೊಟ್ಟು ಮುಂದೆ ಹೋಗುತ್ತಿದ್ದ ಕಟ್ಟೆ ಅಂತ ಹೆಸರೇ ಹೇಳುತ್ತದೆ. ಈಗ ಅಲ್ಲಿಗೆ ಹತ್ತಿರದಲ್ಲೇ ದುಬೈ ವಿಮಾನ ಇಳಿಯುತ್ತದೆ, ಸುಂಕದವರು ಯೂನಿಫಾರ್ಮ್ ಹಾಕಿ ನಿಂತಿರುತ್ತಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ಊರಿಗೆ ಬರುವವರಿಗೆ ಫೋನಿನಲ್ಲಿ ಮೊದಲ ಪ್ರಶ್ನೆ ‘ಯಾವಾಗ ಬರ್ತಿ’. ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, ‘ಬಂಗಾರ ಎಷ್ಟು ತರಬಹುದಂತೆ’. ಈ ಎರಡನೇ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗುತ್ತಾ ಬಂದ ಕತೆ ಇಲ್ಲಿದೆ.

ಅರಬ್ಬಿ ಕಡಲಿನ ಆಚೆಯ ವ್ಯವಹಾರ ನಮಗೆ ಹೊಸದಲ್ಲ. 1132ರ ಹೊತ್ತಿಗೆ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಕಾಗದಪತ್ರಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ. ಏಡನ್ ಬಂದರಿನ ಪಾಲುದಾರರು ಅವನಿಗೆ ಕಳಿಸಿದ ಲೆಕ್ಕದಲ್ಲಿ ಅಲ್ಲಿನ ಸುಂಕ ಕಳೆದ ಬಾಬ್ತೂ ಇರುತ್ತದೆ. ಒಂಬೈನೂರು ವರ್ಷದ ಹಿಂದೆಯೂ ಬಂದವನ ಗಂಟು ಬಿಚ್ಚಿ ನೋಡುವವರು ಇದ್ದೇ ಇದ್ದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಫರಂಗಿಪೇಟೆ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಾಗಿ ಸುತ್ತಿದಾಗ ಈ ಕಡೆ ಹಲವು ಬಗೆಯ ವರಹಗಳು, ಹಣಗಳು ಓಡಾಡುತ್ತಿದ್ದವು. ಅದೆಲ್ಲ ಹಾಗಿರಲಿ. ಇವತ್ತಿನ ತಲೆನೋವಿನ ಬೇರು ಸ್ವಾತಂತ್ರ್ಯದ ನಂತರದ್ದು.

ಈಗಿನ ಹುಡುಗರು ನಂಬಲಿಕ್ಕಿಲ್ಲ, ಆ ಕಾಲದಲ್ಲಿ ಕುವೈತ್, ಬಹರೈನ್, ಕತಾರ್, ದುಬೈಯಲ್ಲಿ ನಮ್ಮದೇ ರೂಪಾಯಿ ನಡೆಯುತ್ತಿತ್ತು. ಅಂಗಡಿಗೆ ಹೋಗಿ ಭಾರತದ ನೋಟು ಕೊಟ್ಟರೆ ಸಾಮಾನು ಸಿಗುತ್ತಿತ್ತು. ಸ್ವಾತಂತ್ರ್ಯದ ನಂತರ ಚಿನ್ನದ ಆಮದಿಗೆ ಸರಕಾರ ಬಾಗಿಲು ಹಾಕಿದ್ದರಿಂದ ಒಳಗೆ ಬೆಲೆ ಏರಿತು. 1960ರ ದಶಕದ ಆರಂಭದಲ್ಲಿ ಹೊರದೇಶದ ದರದ ಇಮ್ಮಡಿಗಿಂತ ಹೆಚ್ಚು ಬೆಲೆ ನಮ್ಮ ಪೇಟೆಯಲ್ಲಿತ್ತು. ಹಾಗಿದ್ದ ಮೇಲೆ ಕಡಲಲ್ಲಿ ದೋಣಿ ಸುಮ್ಮನಿರುತ್ತದೆಯೇ? ದುಬೈಯಿಂದ ಹತ್ತು ತೊಲದ ಬಿಸ್ಕತ್ತು ಪಶ್ಚಿಮ ಕರಾವಳಿಗೆ ಬರುತ್ತಿತ್ತು, ಅದನ್ನು ಮಾರಿದ ರೂಪಾಯಿ ಕಂತೆ ಆ ಕಡೆ ಹೋಗುತ್ತಿತ್ತು. ಆ ನೋಟನ್ನು ಅಲ್ಲಿನ ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಮರಳಿಸಿ ಬದಲಿಗೆ ಪೌಂಡ್ ಕೇಳುತ್ತಿದ್ದವು. ಹೀಗೆ ಕಳ್ಳ ಚಿನ್ನದ ಬಿಲ್ಲನ್ನು ಕೊನೆಗೆ ನಮ್ಮ ಸರಕಾರವೇ ವಿದೇಶಿ ಹಣದಲ್ಲಿ ತೆರಬೇಕಾಯಿತು.

ಇದನ್ನು ನಿಲ್ಲಿಸಲು 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಪ್ರತ್ಯೇಕ ನೋಟು ತಂದಿತು. ಬಣ್ಣ ಬೇರೆ, ಸಂಖ್ಯೆಯ ಮೊದಲು ಝಡ್ ಅಕ್ಷರ. ಭಾರತದೊಳಗೆ ಆ ನೋಟಿನಲ್ಲಿ ಒಂದು ಕಟ್ಟು ಬೀಡಿಯೂ ಸಿಗುತ್ತಿರಲಿಲ್ಲ. 1966ರ ಜೂನ್‌ನಲ್ಲಿ ಡಾಲರಿಗೆ 4.76 ರೂಪಾಯಿ ಇದ್ದದ್ದು ಒಂದೇ ದಿನ 7.50 ಆದಾಗ ಅಲ್ಲಿನವರಿಗೆ ನಮ್ಮ ರೂಪಾಯಿಯ ಮೇಲೆ ನಂಬಿಕೆ ಹೋಯಿತು. ಕುವೈತ್, ಬಹರೈನ್ ಮೊದಲೇ ಬಿಟ್ಟಿದ್ದವು. ಉಳಿದವೂ ಒಂದೊಂದಾಗಿ ತಮ್ಮ ನಾಣ್ಯ ಮಾಡಿಕೊಂಡವು. ಒಮಾನ್ ಮಾತ್ರ 1970ರವರೆಗೆ ಇಟ್ಟುಕೊಂಡಿತ್ತು. ನಮ್ಮ ರೂಪಾಯಿ ಓಡುತ್ತಿದ್ದ ಜಾಗದಿಂದ ಕೆಲವೇ ವರ್ಷಗಳಲ್ಲಿ ದಿರ್ಹಮ್ ಬರುತ್ತದೆಯೇ ಎಂದು ನಾವು ಕಾಯುವ ಹಾಗಾಯಿತು.

ಊರಿನೊಳಗೆ ಇನ್ನೊಂದು ಪೆಟ್ಟು ಬಿದ್ದದ್ದು 1963ರ ಜನವರಿಯಲ್ಲಿ. ಚೀನಾ ಯುದ್ಧ ಮುಗಿದಿತ್ತು, ಖಜಾನೆ ಬರಿದಾಗಿತ್ತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದರು. ಹೊಸ ಆಭರಣ 14 ಕ್ಯಾರೆಟ್ ಮೀರಬಾರದು, ಮನೆಯಲ್ಲಿರುವ ಗಟ್ಟಿ ಚಿನ್ನವನ್ನು ಸರಕಾರಕ್ಕೆ ಬರೆದು ತಿಳಿಸಬೇಕು. 22 ಕ್ಯಾರೆಟ್ ಕರಿಮಣಿ ನೋಡಿದ ಕಣ್ಣಿಗೆ 14 ಕ್ಯಾರೆಟ್ ಅಂದರೆ ಅರ್ಧ ತಾಮ್ರ. ಯಾರೂ ಮಾಡಿಸಲಿಲ್ಲ. ಕುಲುಮೆ ತಣ್ಣಗಾದದ್ದು ಆಚಾರಿಗಳದ್ದು, ಶೇಟರದ್ದು. ದೇಶದಾದ್ಯಂತ ಲಕ್ಷಗಟ್ಟಲೆ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳೂ ಆದವು. ಕಳ್ಳಸಾಗಣೆ ಮಾಡುವವರಿಗೆ ಮಾತ್ರ ಒಳ್ಳೆಯ ಕಾಲ. ಕ್ಯಾರೆಟ್ ಮಿತಿ 1966ರಲ್ಲಿ ಹೋಯಿತು, ಆದರೆ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಉಳಿಯಿತು. ಅದನ್ನು ತೆಗೆದದ್ದು ವಿ.ಪಿ. ಸಿಂಗ್ ಸರಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದ ಕೊಂಕಣದ ಮಧು ದಂಡವತೆ. ಅದೇ ಸಂಪುಟದಲ್ಲಿ ರೈಲ್ವೆ ಮಂತ್ರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

ಹೋಗುವವರ ಕತೆಯೂ ಹೀಗೇ. 1970ರ ದಶಕದಲ್ಲಿ ವಿದೇಶಕ್ಕೆ ಹೊರಟವನ ಕೈಗೆ ಸಿಗುತ್ತಿದ್ದದ್ದು ಎಂಟು ಡಾಲರ್. 1974ರಿಂದ ಜಾರಿಗೆ ಬಂದ ಫೆರಾ ಕಾಯ್ದೆಯಲ್ಲಿ ವಿದೇಶಿ ನೋಟು ಇಟ್ಟುಕೊಳ್ಳುವುದೇ ಅಪರಾಧವಾಗಬಹುದಿತ್ತು, ಜೈಲೂ ಆಗಬಹುದಿತ್ತು. ಅದೇ ವರ್ಷದ ಕೊನೆಗೆ ಬಂದ ಕಾಫಿಪೋಸಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ ವರ್ಷದವರೆಗೆ ಒಳಗಿಡಬಹುದು. 2000ದ ಜೂನ್‌ನಲ್ಲಿ ಫೆರಾ ಹೋಗಿ ಫೆಮಾ ಬಂತು, ವಿದೇಶಿ ಹಣದ ತಪ್ಪಿಗೆ ಜೈಲಿನ ಬದಲು ಮುಖ್ಯವಾಗಿ ದಂಡ ಅಂತಾಯಿತು. ಕಾಫಿಪೋಸಾ ಈಗಲೂ ಇದೆ.

1991ರಲ್ಲಿ ದೇಶವೇ ಚಿನ್ನ ಒತ್ತೆ ಇಟ್ಟಿತು. ಜುಲೈಯಲ್ಲಿ ಸುಮಾರು 47 ಟನ್ ವಿದೇಶಿ ಬ್ಯಾಂಕುಗಳಲ್ಲಿ ಅಡವು. ಅದರ ಹಿಂದಿನ ವರ್ಷವೇ ಕುವೈತ್ ಯುದ್ಧದಿಂದ ಲಕ್ಷಕ್ಕೂ ಹೆಚ್ಚು ಭಾರತೀಯರು ಕೈಬೀಸಿಕೊಂಡು ಮರಳಿದ್ದರು. ಅದುವರೆಗೆ ತಂದವನನ್ನು ಕಳ್ಳನಂತೆ ನೋಡಿದ ಸರಕಾರ 1992ರಲ್ಲಿ ಮಾತು ತಿರುಗಿಸಿತು. ಹೊರಗೆ ಆರು ತಿಂಗಳಿದ್ದವರು ವಿದೇಶಿ ಹಣದಲ್ಲೇ ಸುಂಕ ಕಟ್ಟಿ ಐದು ಕಿಲೋ ಚಿನ್ನ ತರಬಹುದು ಎಂದಿತು. 1997ರಲ್ಲಿ ಅದು ಹತ್ತು ಕಿಲೋ ಆಯಿತು. ಬೀಡಿ ಕಟ್ಟುವ ಮನೆಯ ಹುಡುಗನಿಗೆ ಹತ್ತು ಕಿಲೋ ಎಲ್ಲಿಂದ? ದೊಡ್ಡವರು ಗಲ್ಫ್ ಕೂಲಿಗಳ ಪಾಸ್‌ಪೋರ್ಟ್ ಹಿಡಿದು ಚಿನ್ನ ತರಿಸಿದರು, ಹೊತ್ತವನಿಗೆ ಟಿಕೆಟ್ ಖರ್ಚು. ‘ಒಂದು ಪ್ಯಾಕೆಟ್ ಉಂಟು, ತಕೊಂಡು ಹೋಗ್ತಿಯಾ ಮಾರಾಯ’ ಎಂಬ ಮಾತು ಸಾಮಾನ್ಯವಾದದ್ದು ಆಗಲೇ. ಆಮೇಲೆ ಮಿತಿ ಒಂದು ಕಿಲೋಗೆ ಇಳಿಯಿತು, ಸುಂಕದ ದರ 2024ರ ಜುಲೈಯಲ್ಲಿ ಶೇ. 6 ಆಯಿತು. ಆರು ತಿಂಗಳು ಹೊರಗಿರದವರಿಗೆ ಆಗ ಶೇ. 38.5 ಇತ್ತು.

ಇವೆಲ್ಲ ದೊಡ್ಡ ಲೆಕ್ಕ. ನಮ್ಮ ಹೆಂಗಸರ ಕುತ್ತಿಗೆಗೆ ಬಂದದ್ದು ಬೇರೆ ಲೆಕ್ಕ. 1998ರ ಬ್ಯಾಗೇಜ್ ನಿಯಮದಲ್ಲಿ, ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಗಂಡಸು 10,000 ರೂಪಾಯಿಯ, ಹೆಂಗಸು 20,000 ರೂಪಾಯಿಯ ಆಭರಣ ಸುಂಕವಿಲ್ಲದೆ ತರಬಹುದಿತ್ತು. ಆಗ ಹತ್ತು ಗ್ರಾಮಿಗೆ ಸುಮಾರು ನಾಲ್ಕು ಸಾವಿರ, ಅಂದರೆ ಆರು ಪವನು. 2012ರ ಹೊತ್ತಿಗೆ ದರ ಮೂವತ್ತು ಸಾವಿರ ದಾಟಿತ್ತು. ನಿಯಮ ಅಲ್ಲೇ. ಆರು ಪವನು ಒಂದು ಪವನಿಗೂ ಕಡಿಮೆಗೆ ಇಳಿಯಿತು. ಕಾನೂನು ಅಕ್ಷರವೂ ಬದಲಾಗದೆ ಕರಿಮಣಿ ಹಾಕಿಕೊಂಡವಳೇ ತಪ್ಪಿತಸ್ಥೆ.

ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು ಅದೇ ವರ್ಷ. ತಂಗಿಯ ಮದುವೆಗೆಂದು ಗಂಡ, ಮಗುವಿನ ಜೊತೆ ದಮಾಮ್‌ನಿಂದ ಬಂದಿದ್ದಳು. ಯಾವ ವಿಮಾನ ನಿಲ್ದಾಣ ಎಂಬುದು ಬೇಡ. ಕರಿಮಣಿ, ಎರಡು ಬಳೆ. ಬಳೆ ದೊಡ್ಡಮ್ಮನೇ ಮದುವೆಯಲ್ಲಿ ಕೊಟ್ಟದ್ದು, ಇಲ್ಲಿಂದಲೇ ಹಾಕಿಕೊಂಡು ಹೋದದ್ದು. ‘ಇಲ್ಲಿಂದ ಹೋದದ್ದಕ್ಕೆ ಪತ್ರ ಉಂಟಾ’ ಅಂತ ಕೇಳಿದರು. ಪತ್ರ ಅಂತ ಒಂದಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಎರಡು ಗಂಟೆ ನಿಲ್ಲಿಸಿ ಸುಂಕ ಕಟ್ಟಿಸಿಕೊಂಡು ಬಿಟ್ಟರು. ಭಾವ ತಂದಿದ್ದ ರಿಯಾಲ್ ಅರ್ಧ ಅಲ್ಲೇ ಮುಗಿಯಿತು. ಮನೆಗೆ ಬಂದು ಅವಳು ಅತ್ತದ್ದು ಹಣಕ್ಕಲ್ಲ. ‘ಅಮ್ಮನ ಬಳೆ ನನ್ನದಲ್ಲ ಅಂದ್ರಲ್ಲ’ ಎಂದು.

ಆ ಪತ್ರದ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಹೆಚ್ಚು ಬಂಗಾರ ಹಾಕಿಕೊಂಡು ಹೊರಡುವಾಗಲೇ ಕಸ್ಟಮ್ಸ್‌ನವರಿಗೆ ತೋರಿಸಿ ಬರೆಸಿಕೊಂಡರೆ, ತಿರುಗಿ ತರುವಾಗ ಅದಕ್ಕೆ ಸುಂಕವಿಲ್ಲ. ಅಂಗಡಿಯ ಬಿಲ್ ಜೊತೆಗಿರಲಿ, ಸ್ವಲ್ಪ ಬೇಗ ಹೋಗಬೇಕು.

2013ರಲ್ಲಿ ಮಿತಿಯನ್ನು ಹೆಂಗಸರಿಗೆ ಲಕ್ಷ, ಗಂಡಸರಿಗೆ 50,000 ಮಾಡಿದರು. 2016ರಲ್ಲಿ ತೂಕವನ್ನೂ ಸೇರಿಸಿ, ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ ಎಂದರು, ಆದರೆ ಹಳೆಯ ಬೆಲೆಯ ಮಿತಿಯನ್ನು 2026ರ ಆರಂಭದವರೆಗೆ ಹಾಗೇ ಇಟ್ಟರು. ಊರಲ್ಲಿ ಎಲ್ಲರ ಬಾಯಲ್ಲಿ ಉಳಿದದ್ದು 40 ಗ್ರಾಂ ಮಾತ್ರ. ಲಕ್ಷದ ಮಾತು ಯಾರಿಗೂ ನೆನಪಿರಲಿಲ್ಲ. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿತು. ಐದು ಪವನು ಎಂದು ನಂಬಿ ಬಂದವಳಿಗೆ ಆಗ ಲಕ್ಷದಲ್ಲಿ ಸಿಗುತ್ತಿದ್ದದ್ದು ಒಂದೇ ಪವನು ಚಿಲ್ಲರೆ. 1998ರ ಕತೆ ಮತ್ತೊಮ್ಮೆ.

ನೋಟಿನ ನಿಯಮ ಇದಕ್ಕಿಂತ ಸಲೀಸು. ವಿದೇಶಿ ಹಣ ಎಷ್ಟು ಬೇಕಾದರೂ ತರಬಹುದು. ನೋಟು 5,000 ಡಾಲರ್ ಮೀರಿದರೆ, ಟ್ರಾವೆಲರ್ಸ್ ಚೆಕ್ ಸೇರಿ ಒಟ್ಟು 10,000 ಮೀರಿದರೆ ಬರೆದುಕೊಡಬೇಕು. ಐದು ಸಾವಿರ ಡಾಲರ್ ಅಂದರೆ 18,750 ಸೌದಿ ರಿಯಾಲ್. ನಮ್ಮ ರೂಪಾಯಿ ಮಾತ್ರ ಒಬ್ಬರಿಗೆ 25,000. 2016ರ ನೋಟು ರದ್ದತಿಯಲ್ಲಿ ಈ 25,000ವೇ ಕುಣಿಕೆಯಾಯಿತು. ಗಲ್ಫ್‌ನಲ್ಲಿದ್ದವರು ಹಳೆಯ ನೋಟನ್ನು ವಿಮಾನ ನಿಲ್ದಾಣದಲ್ಲಿ ತೋರಿಸಿ ಮುದ್ರೆ ಹಾಕಿಸಿಕೊಂಡು ರಿಸರ್ವ್ ಬ್ಯಾಂಕಿಗೆ ಹೋಗಬೇಕಿತ್ತು. ಅದೂ ಮುಂಬೈ, ಚೆನ್ನೈ, ದೆಹಲಿ, ಕೊಲ್ಕತ್ತಾ, ನಾಗಪುರ ಕಚೇರಿಗಳಿಗೆ ಮಾತ್ರ. ಬೆಂಗಳೂರು ಪಟ್ಟಿಯಲ್ಲಿರಲಿಲ್ಲ. ಬೆಳ್ತಂಗಡಿಯಿಂದ ಚೆನ್ನೈಗೆ ಹೋಗಿ ಬರುವ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಾದವರಿದ್ದಾರೆ.

ಇನ್ನು ಆ ಪ್ಯಾಕೆಟ್ ವಿಷಯ. ಬೆಂಗಳೂರಿನಲ್ಲಿ 2025ರ ಮಾರ್ಚ್‌ನಲ್ಲಿ 14 ಕಿಲೋಗೂ ಹೆಚ್ಚು ಚಿನ್ನದೊಂದಿಗೆ ಸಿನಿಮಾ ನಟಿಯೊಬ್ಬರು ಸಿಕ್ಕಿದ್ದು ದೇಶವೆಲ್ಲ ಸುದ್ದಿ. ಪೇಸ್ಟ್ ಮಾಡಿ ಹೊಟ್ಟೆಯೊಳಗೆ ಇಟ್ಟು ತರುವ ನಮ್ಮ ಹುಡುಗ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಕಳಿಸುವವರಲ್ಲಿ ನಾನೂ ಒಬ್ಬ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ, ಕಳ್ಳಸಾಗಣೆಯದ್ದೆಂದು ಹಿಡಿದ ಚಿನ್ನ ಹಾಗಲ್ಲ ಎಂದು ಸಾಬೀತು ಮಾಡಬೇಕಾದ್ದು ಅದು ಯಾರ ಕೈಯಲ್ಲಿತ್ತೋ ಅವನೇ. 135ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಜೈಲು. ‘ಪ್ಯಾಕೆಟಲ್ಲಿ ಏನಿತ್ತು ಗೊತ್ತಿಲ್ಲ ಸರ್’ ಎಂದರೆ ಬಿಡುಗಡೆಯಿಲ್ಲ, ಪ್ಯಾಕೆಟ್ ಕೊಟ್ಟವನ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ತಂದದ್ದು ಮಿತಿಗಿಂತ ಹೆಚ್ಚಿದ್ದರೆ ಕೆಂಪು ದಾರಿಯಲ್ಲೇ ಹೋಗಿ ಹೇಳುವುದು. ಕಟ್ಟಲು ಹಣವಿಲ್ಲದಿದ್ದರೆ, ಬರೆದುಕೊಟ್ಟ ಚಿನ್ನವನ್ನು ಕಸ್ಟಮ್ಸ್‌ನಲ್ಲಿ ಇಟ್ಟು ರಸೀದಿ ಪಡೆದು, ರಜೆ ಮುಗಿಸಿ ಹೋಗುವಾಗ ತಿರುಗಿ ತಕ್ಕೊಂಡು ಹೋಗಲು 80ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಅಕ್ಕ ಈಗ ಹಾಗೂ ಮಾಡುವುದಿಲ್ಲ. ಬಳೆ ದೊಡ್ಡಮ್ಮನ ಕಪಾಟಿನಲ್ಲಿದೆ. ಊರಿಗೆ ಬಂದ ದಿನ ಹಾಕಿಕೊಳ್ಳುತ್ತಾಳೆ, ಹೊರಡುವ ದಿನ ಬಿಚ್ಚಿಡುತ್ತಾಳೆ.