ಹಲ್ಲುಜ್ಜದ ವ್ರತ, ಒಸಡಿನ ವೈದ್ಯ

ಶ್ರವಣಬೆಳಗೊಳದ ದಿಗಂಬರ ಮುನಿಗಳು ಪಾಲಿಸುವ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು; ಮುನಿಯಾದವರು ಹಲ್ಲುಜ್ಜುವಂತಿಲ್ಲ. ಇದೊಂದನ್ನೇ ಹಿಡಿದು ಜೈನ ಪರಂಪರೆ ಬಾಯಿಯ ಆರೋಗ್ಯವನ್ನು ಕಡೆಗಣಿಸಿತು ಎನ್ನುವುದು ಅನ್ಯಾಯ. ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥ ಬರೆದ ಉಗ್ರಾದಿತ್ಯಾಚಾರ್ಯರು ಸ್ವತಃ ಜೈನಮುನಿ. ಹಿಂದಿನವರನ್ನು ನೆನೆಯುವಾಗ ಅವರು ಶಾಲಾಕ್ಯದ ಹಿರಿಮೆಯನ್ನು ಪೂಜ್ಯಪಾದರಿಗೆ, ಶಲ್ಯತಂತ್ರದ್ದನ್ನು, ಎಂದರೆ ಶಸ್ತ್ರಚಿಕಿತ್ಸೆಯದ್ದನ್ನು, ಪಾತ್ರಸ್ವಾಮಿಗೆ ಸಲ್ಲಿಸುತ್ತಾರೆ. ಶಾಲಾಕ್ಯವೆಂದರೆ ಕಣ್ಣು, ಕಿವಿ, ಮೂಗು, ಬಾಯಿಗಳ ಚಿಕಿತ್ಸೆ. ಹಲ್ಲು, ಒಸಡು ಅದರೊಳಗೇ ಬರುತ್ತವೆ. ಆ ಪೂಜ್ಯಪಾದರನ್ನು ಬೆಳಗೊಳದ ಶಾಸನಗಳು ಭಕ್ತಿಯಿಂದ ಹೊಗಳಿವೆ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದ. ವ್ರತ ದೇಹದ ಮೋಹ ಬಿಟ್ಟ ಮುನಿಗೆ, ವೈದ್ಯ ಎಲ್ಲರಿಗೆ.

ಅಹಿಂಸೆಯನ್ನು ನಂಬಿದವರು ಒಸಡಿಗೆ ಶಸ್ತ್ರ ಮುಟ್ಟಿಸಲು ಒಪ್ಪಿಯಾರೇ ಎಂದು ಕೇಳಬಹುದು. ಉಗ್ರಾದಿತ್ಯರು ತಿರಸ್ಕರಿಸಿದ್ದು ಮಾಂಸ, ಮಧು, ಮದ್ಯಗಳನ್ನು; ಕ್ಷಾರ, ಅಗ್ನಿ, ಶಸ್ತ್ರಗಳನ್ನಲ್ಲ. ಒಸಡಿನಿಂದ ನೆತ್ತರು ಒಸರುವ ಶೀತಾದಕ್ಕೆ ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಹೇಳಿದ್ದೂ ಮೊದಲು ರಕ್ತಮೋಕ್ಷಣ, ಆಮೇಲೆ ತ್ರಿಫಲೆ ಮೊದಲಾದವುಗಳ ಕಷಾಯದಿಂದ ಬಾಯಿ ಮುಕ್ಕಳಿಸುವುದು. ಹಲ್ಲಿನ ಬುಡದಲ್ಲಿ ಕೀವಿನ ನಾಳವಾದರೆ ಆ ಹಲ್ಲನ್ನೇ ಕಿತ್ತು, ಜಾಗವನ್ನು ಶೋಧಿಸಿ ಸುಡಬೇಕಿತ್ತು. ಆದರೆ ಹಲ್ಲಿನ ಸುತ್ತ ಕರಗಿದ ಮೂಳೆ ಇದರಿಂದ ಮರಳುತ್ತಿತ್ತೇ? ಇಲ್ಲ, ಅಷ್ಟು ದೊಡ್ಡ ಮಾತು ಹಳೆಯ ವೈದ್ಯಕ್ಕೆ ಸಲ್ಲದು. ಒಸಡನ್ನು ಬಿಡಿಸಿ ಎತ್ತಿ, ಬೇರಿನ ಮೇಲಿನ ಕಲ್ಲುಗಟ್ಟಿದ ಕೊಳೆಯನ್ನು ಕಣ್ಣಾರೆ ಕಂಡು ಕೆರೆದು, ಮತ್ತೆ ಹೊಲಿಯುವ ಕ್ರಮವನ್ನು ಸ್ವೀಡನ್ನಿನ ಲಿಯೊನಾರ್ಡ್ ವಿಡ್ಮನ್ ವಿವರಿಸಿ ಪ್ರಕಟಿಸಿದ್ದು 1918ರಲ್ಲಿ. ಮೂಳೆಯ ಕಸಿ ಇನ್ನೂ ಈಚಿನದು.