ಕಲ್ಪನಾ: ರಂಗದ ನೃತ್ಯ ಬೆಳ್ಳಿತೆರೆಗೆ ಬಂದ ಬಗೆ

ರಂಗದ ಮೇಲಿನ ನೃತ್ಯಕ್ಕೆ ಆಯುಷ್ಯ ಕಡಿಮೆ. ಪರದೆ ಬಿದ್ದರೆ ಅಂದಿನ ಪ್ರದರ್ಶನ ಮುಗಿಯಿತು, ತಂಡ ಚದುರಿದರೆ ಆ ನೃತ್ಯವೇ ಮರೆಯಾಗುತ್ತದೆ. ಹಾಗಾಗದಂತೆ ಉಳಿದುಕೊಂಡ ಅಪರೂಪದ ಉದಾಹರಣೆ, 1948ರಲ್ಲಿ ತೆರೆಕಂಡ ಕಪ್ಪು-ಬಿಳುಪು ಹಿಂದಿ ಚಿತ್ರ ‘ಕಲ್ಪನಾ’. ನೃತ್ಯ ಕಲಾವಿದ ಉದಯ ಶಂಕರ್ ನಿರ್ದೇಶಿಸಿದ ಏಕೈಕ ಚಲನಚಿತ್ರವಿದು.

ಅಲ್ಮೋರಾದಿಂದ ಮದ್ರಾಸಿಗೆ

1900ರಲ್ಲಿ ಉದಯಪುರದಲ್ಲಿ ಜನಿಸಿದ ಉದಯ ಶಂಕರ್, ಸಿತಾರ್ ವಾದಕ ರವಿಶಂಕರ್ ಅವರ ಹಿರಿಯ ಅಣ್ಣ. ಚಿತ್ರಕಲೆ ಕಲಿಯಲು ಲಂಡನ್‌ಗೆ ಹೋದವರು, 1923ರಲ್ಲಿ ರಷ್ಯಾದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ ಜತೆ ರಂಗವೇರಿದರು. ಮುಂದೆ ಸ್ವಂತ ತಂಡ ಕಟ್ಟಿ ಯುರೋಪ್, ಅಮೆರಿಕ ಸುತ್ತಿದರು.

ಸ್ವದೇಶಕ್ಕೆ ಮರಳಿ ಹಿಮಾಲಯದ ಅಲ್ಮೋರಾದಲ್ಲಿ ಅವರು ಆರಂಭಿಸಿದ ಕಲಾಕೇಂದ್ರದಲ್ಲಿ ಕಥಕ್ಕಳಿ, ಭರತನಾಟ್ಯ ಮತ್ತು ಮಣಿಪುರಿ ಗುರುಗಳು ಒಂದೇ ಕಡೆ ಪಾಠ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಕೂಡ ಚಿತ್ರರಂಗಕ್ಕೆ ಬರುವ ಮುನ್ನ ಇಲ್ಲಿನ ವಿದ್ಯಾರ್ಥಿಯಾಗಿದ್ದರು. ಆದರೆ ಕೇಂದ್ರ ಹೆಚ್ಚು ಕಾಲ ಉಳಿಯಲಿಲ್ಲ. 1940ರ ದಶಕದ ಮಧ್ಯಭಾಗದಲ್ಲಿ ಅದು ಮುಚ್ಚಿದ ಬಳಿಕ ಉದಯ ಶಂಕರ್ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ‘ಕಲ್ಪನಾ’ ಚಿತ್ರೀಕರಣಕ್ಕೆ ಇಳಿದರು.

ಕ್ಯಾಮೆರಾಗಾಗಿ ಹೊಸ ಸಂಯೋಜನೆ

ಸಭಾಂಗಣದಲ್ಲಿ ಪ್ರೇಕ್ಷಕ ಕುಳಿತ ಜಾಗದಿಂದ ಕದಲುವುದಿಲ್ಲ. ನರ್ತಕರ ಇಡೀ ದೇಹ, ಇಡೀ ಗುಂಪು ಸದಾ ಅವನ ಕಣ್ಣ ಮುಂದಿರುತ್ತದೆ. ಎತ್ತ ನೋಡಬೇಕೆಂಬುದು ಅವನಿಗೇ ಬಿಟ್ಟದ್ದು. ಸಿನಿಮಾದಲ್ಲಿ ಆ ಆಯ್ಕೆ ನಿರ್ದೇಶಕನದು. ಮುಖ ಹತ್ತಿರಕ್ಕೆ ಬಂದರೆ ಪಾದ ಕಾಣದು. ತಪ್ಪಾದ ಜಾಗದಲ್ಲಿ ಕತ್ತರಿ ಬಿದ್ದರೆ ತಾಳವೇ ಮುರಿಯುತ್ತದೆ.

ಕ್ಯಾಮೆರಾವನ್ನು ವೇದಿಕೆಯ ಎದುರು ನಿಲ್ಲಿಸಿ ಪ್ರದರ್ಶನವನ್ನು ಸೆರೆಹಿಡಿಯುವುದು ಸುಲಭದ ದಾರಿಯಾಗಿತ್ತು. ಉದಯ ಶಂಕರ್ ಅದನ್ನು ಬಿಟ್ಟು, ಛಾಯಾಗ್ರಾಹಕ ಕೆ. ರಾಮನಾಥ್ ಜತೆಗೂಡಿ ನೃತ್ಯಗಳನ್ನು ತೆರೆಗೆಂದೇ ರೂಪಿಸಿದರು. ನೆರಳು-ಬೆಳಕಿನ ಆಟ, ಕೆಳಗಿನಿಂದ ಹಿಡಿದ ಕೋನ, ಒಂದರ ಮೇಲೊಂದು ಮೂಡುವ ಬಿಂಬಗಳು ನೃತ್ಯದ್ದೇ ಅಂಗವಾದವು. ಅಲ್ಮೋರಾದಲ್ಲಿ ರಾಮಲೀಲೆಯನ್ನು ನೆರಳಿನಾಟವಾಗಿ ಪ್ರದರ್ಶಿಸಿದ್ದ ಅವರಿಗೆ ಬಿಳಿ ಪರದೆ ಹೊಸದೇನಾಗಿರಲಿಲ್ಲ.

‘ಶ್ರಮ ಮತ್ತು ಯಂತ್ರ’ ಎಂಬ ವಸ್ತುವಿನ ಅವರ ರಂಗನೃತ್ಯವನ್ನೇ ನೋಡಿ. ಕಾರ್ಮಿಕರ ಕೈಕಾಲುಗಳೇ ಯಂತ್ರದ ಭಾಗಗಳಂತೆ ಚಲಿಸುವ ನೃತ್ಯವದು. ರಂಗದಲ್ಲಿ ದೂರದಿಂದ ಕಾಣುತ್ತಿದ್ದ ಆ ಚಲನೆ ಚಿತ್ರದಲ್ಲಿ ಕಣ್ಣೆದುರಿಗೇ ಬರುತ್ತದೆ. ಮನುಷ್ಯ ಯಂತ್ರವಾಗುವ ಭಯವೂ ಹತ್ತಿರವಾಗುತ್ತದೆ.

ಕಥೆಯೂ ಅವರದೇ ಬದುಕಿಗೆ ಹತ್ತಿರದ್ದು. ಹಿಮಾಲಯದಲ್ಲಿ ಕಲಾಕೇಂದ್ರ ಕಟ್ಟುವ ಕನಸಿನ ಉದಯನ್ ಪಾತ್ರದಲ್ಲಿ ಅವರೇ ನಟಿಸಿದರು. ಉಮಾ ಪಾತ್ರ ಪತ್ನಿ ಅಮಲಾ ಅವರದು. ಸಂಗೀತ ವಿಷ್ಣುದಾಸ್ ಶಿರಾಲಿ ಅವರದು. ಮುಂದೆ ಹೆಸರಾಂತ ತಾರೆಯಾದ ಪದ್ಮಿನಿ ಇಲ್ಲಿ ನರ್ತಕಿಯಾಗಿ ಕಾಣಿಸಿಕೊಂಡರು.

ಕಳೆದದ್ದು, ಉಳಿದದ್ದು

ಈ ಮಾರ್ಪಾಡಿಗೆ ಬೆಲೆಯನ್ನೂ ತೆರಬೇಕಾಯಿತು. ಕಥೆಯ ಓಟಕ್ಕೆ ತಕ್ಕಂತೆ ನೃತ್ಯಗಳು ಕಿರಿದಾದವು. ರಂಗದ ಮೇಲೆ ಎಡೆಬಿಡದೆ ಸಾಗುವ ನೃತ್ಯವನ್ನು ಬಯಸುವವರಿಗೆ ಅದು ಇಲ್ಲಿ ಪೂರ್ತಿಯಾಗಿ ಸಿಗದು. ಗಮನವಿಟ್ಟು ನೋಡುವಂತೆ ಆರಂಭದಲ್ಲೇ ಪ್ರೇಕ್ಷಕರನ್ನು ಕೋರಿದ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಚಿತ್ರದೊಳಗೆ ಈ ಕಥೆಯನ್ನು ಕೇಳುವ ನಿರ್ಮಾಪಕನೂ ಅದನ್ನು ನಿರಾಕರಿಸುತ್ತಾನೆ!

ಆದರೂ ಉದಯ ಶಂಕರ್ ಪ್ರಯೋಗ ನಿಲ್ಲಿಸಲಿಲ್ಲ. 1970ರ ದಶಕದ ಆರಂಭದಲ್ಲಿ ಕೋಲ್ಕತ್ತಾದಲ್ಲಿ ‘ಶಂಕರಸ್ಕೋಪ್’ ಎಂಬ ಪ್ರದರ್ಶನ ನೀಡಿ, ರಂಗದ ಕಲಾವಿದರನ್ನೂ ಸಿನಿಮಾ ತೆರೆಯನ್ನೂ ಒಂದೇ ವೇದಿಕೆಗೆ ತಂದರು. 1977ರಲ್ಲಿ ಅವರು ನಿಧನರಾದರು.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಪ್ರತಿಯ ನೆರವಿನಿಂದ, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸೆ ಸ್ಥಾಪಿಸಿದ ಪ್ರತಿಷ್ಠಾನವು ಚಿತ್ರಕ್ಕೆ ಮರುಜೀವ ಕೊಟ್ಟಿತು. 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಾಗ 90 ದಾಟಿದ್ದ ಅಮಲಾ ಶಂಕರ್ ಅಲ್ಲಿ ಹಾಜರಿದ್ದರು. ಅಲ್ಮೋರಾದ ಕೇಂದ್ರ ಮುಚ್ಚಿ ಆರು ದಶಕಗಳೇ ಕಳೆದಿದ್ದವು. ಅಲ್ಲಿ ಬೆಳೆದ ನೃತ್ಯ ಮಾತ್ರ ತೆರೆಯ ಮೇಲೆ ಇನ್ನೂ ನಡೆದಿತ್ತು.