ತೆಂಗಿನ ಗರಿ ಕಂದಿದಾಗ

ಹೊಸದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹಿತ್ತಲಿನ ತೆಂಗಿನ ಗರಿಗಳು ಬೆಂಕಿ ತಗುಲಿದಂತೆ ಕಂದುಬಣ್ಣಕ್ಕೆ ತಿರುಗಿವೆಯೆಂದೂ, ಮರಗಳನ್ನು ಕಡಿಸಿಬಿಡಲೇ ಎಂದೂ ಕೇಳಿದ್ದಾನೆ. ನಾನು ಚರಿತ್ರೆಯ ಮೇಷ್ಟ್ರು, ಕೃಷಿ ಪಂಡಿತನಲ್ಲ. ಆದರೂ ಈ ಪ್ರಶ್ನೆಯಲ್ಲಿ ನಮ್ಮ ಸೀಮೆಯ ಚರಿತ್ರೆಯೇ ಅಡಗಿದೆ.

ಹಿರಿಯೂರಿನ ತೋಟಗಳಿಗೆ ಮಾರಿಕಣಿವೆಯೇ ಆಸರೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಜಲಾಶಯ 1907ರ ಹೊತ್ತಿಗೆ ಸಿದ್ಧವಾಗಿ, ರೀಜೆಂಟ್ ಮಹಾರಾಣಿಯವರ ಹೆಸರಿನಿಂದ ವಾಣಿ ವಿಲಾಸ ಸಾಗರವಾಯಿತು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ, ಬರೋಬ್ಬರಿ 89 ವರ್ಷಗಳ ತರುವಾಯ! ನಡುವಣ ಬರಗಳಲ್ಲಿ, ಅದರಲ್ಲೂ 2017ರ ಸುಮಾರಿಗೆ, ನೀರು ತಳ ಮುಟ್ಟಿತು, ಕೊಳವೆಬಾವಿಗಳು ಬತ್ತಿದವು, ತೋಟಗಳು ನಿಂತಲ್ಲೇ ಒಣಗಿದವು. ಫಲ ಕೊಟ್ಟ ಮರಕ್ಕೆ ಕೊಡಲಿ ಹಾಕಿಸಿದವರ ಸಂಕಟವನ್ನು ನಾನು ಬಲ್ಲೆ. ಅಂದಿನಿಂದ ಗರಿ ಕಂದಿದರೆ ಸಾಕು, ನೀರಿನ ಕೊರತೆಯೇ ಕಾರಣವೆಂದು ನಮ್ಮವರು ತೀರ್ಮಾನಿಸಿಬಿಡುತ್ತಾರೆ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಹೀಗೆ ಅವಸರಪಡಲಿಲ್ಲ. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಆತ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಶಿಲೀಂಧ್ರವೇ ಕಾರಣವೆಂದು ಕಂಡುಕೊಂಡು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ. ಇಂದಿಗೂ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಸಿಂಪಡಿಸುವುದು ಅದನ್ನೇ.

ಹೊಸದುರ್ಗದ ಈ ಶಿಷ್ಯನೂ ಮೊದಲು ಒಂದು ಗರಿಯನ್ನು ಇಳಿಸಿ ಮಗುಚಿ ನೋಡಬೇಕು. ನೀರಿನ ಕೊರತೆಯಾದರೆ ಕೆಳಗಿನ ಗರಿಗಳು ಇಡಿಯಾಗಿ ಒಣಗಿ ಕಾಂಡಕ್ಕೆ ಜೋತುಬೀಳುತ್ತವೆ, ಎಳೆಗಾಯಿ ಉದುರುತ್ತದೆ. ಎಲೆಯ ಅಡಿಯಲ್ಲಿ ನೂಲಿನಂಥ ಬಲೆಯೂ ಹಿಕ್ಕೆಯೂ ಸೇರಿದ ಸುರಂಗಗಳಿದ್ದರೆ ಅದು ಕಪ್ಪುತಲೆ ಹುಳು. ಅದು ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುವುದರಿಂದಲೇ ಗರಿ ಸುಟ್ಟಂತೆ ಕಾಣುವುದು. ಆಗ ಎಷ್ಟು ನೀರು ಹಾಯಿಸಿದರೂ ಹುಳು ಹೋಗದು. ಹೆಚ್ಚು ಹಾಳಾದ ಕೆಳಗರಿಗಳನ್ನು ಕಡಿದು ಸುಡಬೇಕು. ಈ ಹುಳುವಿನ ಮೇಲೆ ಮೊಟ್ಟೆಯಿಡುವ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ತಂದು ತೋಟಕ್ಕೆ ಬಿಡಬೇಕು. ಕಂಡಕಂಡ ಕೀಟನಾಶಕ ಹೊಡೆದರೆ ಆ ಕಣಜವೂ ಸಾಯುತ್ತದೆ.

ಗರಿಯ ತುಂಡೊಂದನ್ನು ತೋಟಗಾರಿಕೆ ಇಲಾಖೆಯವರಿಗೆ ಒಯ್ದು ತೋರಿಸಲಿ. ಸುಳಿ ಹಸಿರಾಗಿರುವವರೆಗೆ ಕೊಡಲಿಯ ಮಾತು ಬೇಡ.